‘ಹ್ಯಾವ್’ ಎಂಬ ಇಂಗ್ಲಿಷ್ ಕ್ರಿಯಾಪದವೂ ಕನ್ನಡದ ‘ಹೊಂದು’ ಧಾತುವೂ: ಕಾಟನ್‌ಪೇಟೆಯ ವ್ಯವಹಾರಭಾಷೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

1

ಒಂದು ಭಾಷೆಯ ಶಬ್ದಗಳು ಇನ್ನೊಂದು ಭಾಷೆಗೆ ಬಂದು ಸೇರುವಾಗ ನಾಮಪದಗಳಿಗೆ ದೊರೆಯುವಷ್ಟು ಸುಲಭವಾದ ಪ್ರವೇಶ ಕ್ರಿಯಾಪದಗಳಿಗೆ ದೊರೆಯುವುದಿಲ್ಲವೆಂಬುದು ಭಾಷಾಶಾಸ್ತ್ರದ ಅಭ್ಯಾಸಿಗಳಿಗೆ ಸುವಿದಿತವಾದ ವಿಷಯ. ಬೆಂಗಳೂರಿನ ಹಳೆಯ ಪೇಟೆಯ ಪಶ್ಚಿಮ ಪಾರ್ಶ್ವದಲ್ಲಿರುವ ಕಾಟನ್‌ಪೇಟೆಯ ಹೆಸರೇ ಇದಕ್ಕೊಂದು ನಿದರ್ಶನ. ಕೆಂಪೇಗೌಡನು 1537ರಲ್ಲಿ ಕಟ್ಟಿಸಿದನೆಂದು ಪ್ರತೀತಿಯುಳ್ಳ ಈ ಪೇಟೆಯಲ್ಲಿ ಬೀದಿಗಳಿಗೆ ಸರಕಿನ ಹೆಸರನ್ನೋ ಕಸುಬಿನ ಹೆಸರನ್ನೋ ಇಡುವುದು ವಾಡಿಕೆಯಾಗಿತ್ತು. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಮೊದಲಾದವು ಹೀಗೆ ಹುಟ್ಟಿದ ಹೆಸರುಗಳು. ಹತ್ತಿಯನ್ನು ಸೂಚಿಸುವ ‘ಅರಳೆ’ ಎಂಬ ಅಚ್ಚಗನ್ನಡ ಶಬ್ದದಿಂದ ಅರಳೆಪೇಟೆ ಎಂಬ ಹೆಸರು ಇದೇ ಪೇಟೆಯೊಳಗೆ ಬಳಕೆಯಲ್ಲಿದೆ. ಅದೇ ಸರಕಿನ ಇಂಗ್ಲಿಷ್ ಹೆಸರಿನಿಂದ ಕಾಟನ್‌ಪೇಟೆಯೂ ಆಗಿದೆ. ‘ಕಾಟನ್’ ಎಂಬುದು ಇಂಗ್ಲಿಷಿನ ಸ್ವಂತ ಶಬ್ದವೂ ಅಲ್ಲ. ಅರಬ್ಬೀ ಭಾಷೆಯ ‘ಕುತ್ನ್’ ಎಂಬುದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು, ಇಂಗ್ಲಿಷಿನಿಂದ ಕನ್ನಡದ ‘ಪೇಟೆ’ಯೊಡನೆ ಸಮಾಸವಾಯಿತು. ಹೀಗೆ ಒಂದು ನಾಮಪದವು ನಾಲ್ಕು ಭಾಷೆಗಳನ್ನು ದಾಟಿ ಬಂದರೂ ಯಾರ ಕಿವಿಗೂ ಅದು ಒರಟಾಗಿ ಕೇಳಿಸಲಿಲ್ಲ.

ಕ್ರಿಯಾಪದಗಳ ರೀತಿ ಬೇರೆ. ಇಂಗ್ಲಿಷಿನ ಕ್ರಿಯಾಪದವು ಕನ್ನಡಕ್ಕೆ ಬರುವಾಗ ತನ್ನ ಕ್ರಿಯಾತ್ವವನ್ನು ಹೊಸ್ತಿಲಲ್ಲೇ ಬಿಟ್ಟು ನಾಮದಂತೆ ಒಳಗೆ ಬರುತ್ತದೆ. ಕ್ರಿಯೆಯ ಭಾರವನ್ನು ಕನ್ನಡದ ‘ಮಾಡು’ ಅಥವಾ ‘ಆಗು’ ಎಂಬ ಧಾತುಗಳು ಹೊರುತ್ತವೆ. ‘ಬುಕ್ ಮಾಡು’, ‘ಪಾಸಾಗು’, ‘ಟೈಪ್ ಮಾಡು’, ‘ರಿಪೇರಿಯಾಗು’ ಮುಂತಾದ ಪ್ರಯೋಗಗಳು ಈ ಮಾರ್ಗದಲ್ಲಿ ಬಂದವು. ಆದರೆ ಇಂಗ್ಲಿಷಿನಲ್ಲಿ ಅತ್ಯಂತ ಹೆಚ್ಚಾಗಿ ಬಳಕೆಯಾಗುವ ಕ್ರಿಯಾಪದಗಳಲ್ಲೊಂದಾದ ‘ಹ್ಯಾವ್’ ಎಂಬುದಕ್ಕೆ ಈ ಮಾರ್ಗವೂ ತೆರೆಯಲಿಲ್ಲ. ಎಷ್ಟೇ ಇಂಗ್ಲಿಷ್ ಬೆರೆಸಿ ಮಾತನಾಡುವ ಬೆಂಗಳೂರಿನವರೂ ‘ಹ್ಯಾವ್ ಮಾಡು’ ಎನ್ನುವುದಿಲ್ಲ. ಹಾಗಾದರೆ ಆ ಕ್ರಿಯಾಪದವು ಕನ್ನಡವನ್ನು ಮುಟ್ಟಲೇ ಇಲ್ಲವೆ? ಮುಟ್ಟಿದೆ, ಆದರೆ ಶಬ್ದವಾಗಿ ಬಾರದೆ ಅರ್ಥವಾಗಿ ಬಂದಿದೆ, ಕನ್ನಡದ ‘ಹೊಂದು’ ಎಂಬ ಹಳೆಯ ಧಾತುವಿನ ವೇಷದಲ್ಲಿ ಬಂದಿದೆ ಎಂಬುದನ್ನೂ, ಆ ವೇಷಾಂತರದಿಂದ ನಮ್ಮ ಬರವಣಿಗೆಯಲ್ಲಿ ಆಗಿರುವ ಲಾಭನಷ್ಟಗಳನ್ನೂ ಈ ಲೇಖನದಲ್ಲಿ ನಾವು ಪರಿಶೀಲಿಸುವೆವು.

2

ಮೊದಲು ಇಂಗ್ಲಿಷ್ ಕ್ರಿಯಾಪದದ ಪೂರ್ವವೃತ್ತಾಂತವನ್ನು ನೋಡಬೇಕು. ಪ್ರಾಚೀನ ಇಂಗ್ಲಿಷಿನಲ್ಲಿ ಇದರ ರೂಪ ‘ಹಬ್ಬನ್’. ಲ್ಯಾಟಿನಿನ ‘ಹಬೇರೆ’ ಎಂಬ ಕ್ರಿಯೆಯನ್ನು ರೂಪದಲ್ಲಿಯೂ ಅರ್ಥದಲ್ಲಿಯೂ ಇದು ಹೋಲುವುದರಿಂದ ಇವೆರಡೂ ಒಂದೇ ಮೂಲದವೆಂಬ ಭ್ರಮೆ ಸಹಜ. ಆದರೆ ಧ್ವನಿನಿಯಮಗಳ ಪ್ರಕಾರ ಇಂಗ್ಲಿಷಿನ ‘ಹ್ಯಾವ್’ಗೆ ನಿಜವಾದ ಜ್ಞಾತಿ ಲ್ಯಾಟಿನಿನ ‘ಕಪೆರೆ’, ಅಂದರೆ ‘ಹಿಡಿ’, ‘ವಶಪಡಿಸಿಕೊ’ ಎಂಬರ್ಥದ ಕ್ರಿಯೆ. ಹಿಡಿಯುವುದು ಎಂಬ ಘಟನೆಯಿಂದ ಹಿಡಿದಿರುವುದು ಎಂಬ ಸ್ಥಿತಿಯೂ, ಆ ಸ್ಥಿತಿಯಿಂದ ಸ್ವಾಮ್ಯವೂ ಕ್ರಮವಾಗಿ ಮೂಡಿದುವು. ಈ ಕ್ರಮವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಕನ್ನಡದ ‘ಹೊಂದು’ ಧಾತುವಿನ ವಿಚಾರಕ್ಕೆ ಬಂದಾಗ ಇದರ ಪ್ರಯೋಜನ ತಿಳಿಯುವುದು.

ಇಂದಿನ ಇಂಗ್ಲಿಷಿನಲ್ಲಿ ಈ ಒಂದು ಕ್ರಿಯಾಪದ ಮಾಡುವ ಕೆಲಸಗಳು ಅನೇಕ. ಸ್ವಾಮ್ಯವನ್ನು ಹೇಳುವುದು ಒಂದು. ಬಂಧುತ್ವ, ರೋಗ, ಗುಣ, ಅವಯವಗಳನ್ನು ಹೇಳುವುದು ಎರಡನೆಯದು. ಪೂರ್ಣಗೊಂಡ ಕ್ರಿಯೆಗೆ ಸಹಾಯಕವಾಗುವುದು ಮೂರನೆಯದು. ‘ಐ ಹ್ಯಾವ್ ರಿಟನ್ ದ ಲೆಟರ್’ ಎಂಬ ವಾಕ್ಯದ ಮೂಲಾರ್ಥ ‘ಬರೆದುದಾದ ಪತ್ರ ನನ್ನಲ್ಲಿದೆ’ ಎಂದಿದ್ದು, ಕಾಲಕ್ರಮದಲ್ಲಿ ‘ಪತ್ರವನ್ನು ಬರೆದಿದ್ದೇನೆ’ ಎಂದಾಯಿತು. ಕರ್ತವ್ಯವನ್ನು ಹೇಳುವುದು ನಾಲ್ಕನೆಯದು. ಇನ್ನೊಬ್ಬರಿಂದ ಕೆಲಸ ಮಾಡಿಸುವುದನ್ನು ಹೇಳುವುದು ಐದನೆಯದು. ಊಟ, ಸ್ನಾನ, ವಿಶ್ರಾಂತಿ ಮುಂತಾದ ನಾಮಗಳೊಡನೆ ಸೇರಿ ಆಯಾ ಕ್ರಿಯೆಗಳನ್ನು ಹೇಳುವುದು ಆರನೆಯದು. ಕನ್ನಡವು ಈ ಆರನ್ನೂ ಬೇರೆಬೇರೆ ಉಪಾಯಗಳಿಂದ ನಿರ್ವಹಿಸುತ್ತದೆ. ಕರ್ತವ್ಯಕ್ಕೆ ‘ಬೇಕು’, ಮಾಡಿಸುವಿಕೆಗೆ ‘ಇಸು’ ಪ್ರತ್ಯಯ, ಊಟ ಸ್ನಾನಗಳಿಗೆ ‘ಮಾಡು’. ಉಳಿದ ಮೂರು ಕೆಲಸಗಳಲ್ಲಿ ಕನ್ನಡಕ್ಕೆ ನೆರವಾಗುವ ಮುಖ್ಯ ಧಾತು ‘ಇರು’. ‘ನನಗೆ ಮನೆ ಇದೆ’ ಎನ್ನುವಲ್ಲಿಯೂ ‘ನಾನು ಬರೆದಿದ್ದೇನೆ’ ಎನ್ನುವಲ್ಲಿಯೂ ‘ಇರು’ ಧಾತುವೇ ಇದೆ. ಇಂಗ್ಲಿಷ್ ಎಲ್ಲಿ ‘ಹ್ಯಾವ್’ ಎನ್ನುತ್ತದೆಯೋ ಅಲ್ಲಿ ಕನ್ನಡ ‘ಇರು’ ಎನ್ನುತ್ತದೆ ಎಂದು ಸಂಕ್ಷೇಪವಾಗಿ ಹೇಳಬಹುದು.

ಇದು ಕನ್ನಡದ ಕೊರತೆಯೆಂದು ಭಾವಿಸುವುದು ಸಲ್ಲದು. ಲ್ಯಾಟಿನಿನಲ್ಲಿಯೂ ‘ಹಬೇರೆ’ಯ ಜೊತೆಗೆ ‘ಮಿಹಿ ಎಸ್ಟ್ ಲಿಬರ್’, ಅಂದರೆ ‘ನನಗೆ ಪುಸ್ತಕ ಇದೆ’ ಎಂಬ ರೀತಿ ಬಳಕೆಯಲ್ಲಿತ್ತು. ರಷ್ಯನ್, ಫಿನ್ನಿಷ್, ಅರಬ್ಬೀ ಭಾಷೆಗಳು ಇಂದಿಗೂ ಸ್ವಾಮ್ಯವನ್ನು ‘ಇರುವಿಕೆ’ಯ ರೂಪದಲ್ಲಿಯೇ ಹೇಳುತ್ತವೆ. ಫ್ರೆಂಚ್ ವಿದ್ವಾಂಸ ಎಮಿಲ್ ಬೆನ್‌ವೆನಿಸ್ತ್ 1960ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ವಿಷಯವನ್ನು ಚರ್ಚಿಸಿ, ‘ಹ್ಯಾವ್’ ಬಗೆಯ ಕ್ರಿಯಾಪದಗಳು ನೋಡುವುದಕ್ಕೆ ಸಕರ್ಮಕವಾಗಿದ್ದರೂ ವಸ್ತುತಃ ಸ್ಥಿತಿಯನ್ನು ಹೇಳುವಂಥವೆಂದೂ, ‘ಒಬ್ಬನಿಗೆ ಒಂದು ವಸ್ತು ಇದೆ’ ಎಂಬುದನ್ನು ತಿರುವಿ ಹಾಕಿದ ರೂಪವೇ ಅವೆಂದೂ ತೋರಿಸಿದನು. ಪ್ರಪಂಚದ ಭಾಷೆಗಳನ್ನು ಒಟ್ಟಾಗಿ ನೋಡಿದರೆ ಸ್ವಾಮ್ಯಕ್ಕೆ ಪ್ರತ್ಯೇಕ ಸಕರ್ಮಕ ಕ್ರಿಯೆಯಿರುವುದು ಸರ್ವಸಾಮಾನ್ಯವಾದ ಲಕ್ಷಣವಲ್ಲ.

3

ಈ ಸಂಗತಿಯನ್ನು ಮನಗಾಣುವುದಕ್ಕೆ ರಷ್ಯಕ್ಕೆ ಹೋಗಬೇಕಾದ ಅಗತ್ಯವಿಲ್ಲ. ಕಾಟನ್‌ಪೇಟೆಯ ಮುಖ್ಯರಸ್ತೆಯೇ ಸಾಕು. ರೈಲು ನಿಲ್ದಾಣಕ್ಕೂ ಸಗಟು ಮಾರುಕಟ್ಟೆಗಳಿಗೂ ಸಮೀಪದಲ್ಲಿರುವ ಈ ಪೇಟೆಯಲ್ಲಿ ಕನ್ನಡ, ತೆಲುಗು, ತಮಿಳು, ದಖನಿ ಉರ್ದು, ಮರಾಠಿ ಮಾತುಗಳು ಒಂದರ ಪಕ್ಕದಲ್ಲಿ ಒಂದು ಕೇಳಿಬರುತ್ತವೆ. ಇಲ್ಲಿರುವ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬೆಂಗಳೂರು ಕರಗದ ಮೆರವಣಿಗೆಯು ಭೇಟಿಕೊಡುವ ಸಂಪ್ರದಾಯವು ಈ ಸಹವಾಸದ ಪ್ರಸಿದ್ಧ ಕುರುಹು. ಈ ಐದು ಭಾಷೆಗಳಲ್ಲಿ ಮೂರು ದ್ರಾವಿಡ ವರ್ಗದವು, ಎರಡು ಆರ್ಯ ವರ್ಗದವು. ಆದರೂ ವ್ಯಾಪಾರಿಯೊಬ್ಬನು ತನ್ನಲ್ಲಿ ಸರಕು ಇದೆಯೆಂದು ಹೇಳುವ ರೀತಿ ಎಲ್ಲ ಭಾಷೆಗಳಲ್ಲಿಯೂ ಒಂದೇ. ಕನ್ನಡದಲ್ಲಿ ‘ನನ್ನ ಹತ್ತಿರ’, ತೆಲುಗಿನಲ್ಲಿ ‘ನಾ ದಗ್ಗರ’, ತಮಿಳಿನಲ್ಲಿ ‘ಎನ್ ಕಿಟ್ಟ’, ಉರ್ದುವಿನಲ್ಲಿ ‘ಮೇರೇ ಪಾಸ್’, ಮರಾಠಿಯಲ್ಲಿ ‘ಮಾಝ್ಯಾಕಡೆ’. ಕೊನೆಗೆ ‘ಇರು’ ಎಂಬರ್ಥದ ಕ್ರಿಯಾಪದ. ಐದು ಭಾಷೆಗಳ ಈ ಬೀದಿಯಲ್ಲಿ ‘ಹ್ಯಾವ್’ಗೆ ಸರಿಸಮನಾದ ಕ್ರಿಯಾಪದ ಒಂದೂ ಇಲ್ಲ.

ಇದಕ್ಕಿಂತ ಗಮನಾರ್ಹವಾದುದು ಕನ್ನಡವು ಇಲ್ಲಿ ಪಾಲಿಸುವ ಸೂಕ್ಷ್ಮ ಭೇದಗಳು. ‘ನನಗೆ ಇಬ್ಬರು ತಮ್ಮಂದಿರು ಇದ್ದಾರೆ’ ಎನ್ನುತ್ತೇವೆ. ‘ನನ್ನ ಹತ್ತಿರ ಇಬ್ಬರು ತಮ್ಮಂದಿರಿದ್ದಾರೆ’ ಎಂದರೆ ಅವರು ಸದ್ಯಕ್ಕೆ ನಮ್ಮೊಡನೆ ವಾಸವಾಗಿದ್ದಾರೆಂದು ಅರ್ಥ ಬದಲಾಗುತ್ತದೆ. ಬಂಧುತ್ವ, ವಯಸ್ಸು, ಹಸಿವು, ಜ್ವರ, ಜ್ಞಾನ ಮುಂತಾದವು ಮನುಷ್ಯನಿಗೆ ಒದಗಿಬಂದವು. ಆದಕಾರಣ ಅವುಗಳಿಗೆ ‘ಗೆ’ ಪ್ರತ್ಯಯ. ಕೈಯಿಂದ ಕೈಗೆ ಸಾಗುವ ವಸ್ತುಗಳಿಗೆ ‘ಹತ್ತಿರ’, ‘ಬಳಿ’, ‘ಕೈಯಲ್ಲಿ’. ‘ಅವನ ಹತ್ತಿರ ನನ್ನ ಪುಸ್ತಕ ಇದೆ’ ಎಂಬ ವಾಕ್ಯದಲ್ಲಿ ವಸ್ತು ಯಾರಲ್ಲಿದೆ, ಅದರ ಸ್ವಾಮ್ಯ ಯಾರದು ಎಂಬ ಎರಡೂ ಸಂಗತಿಗಳು ಸ್ಪಷ್ಟವಾಗಿವೆ. ಅಂತರಂಗದ ಗುಣಗಳಿಗೆ ‘ಅಲ್ಲಿ’: ‘ಅವರಲ್ಲಿ ವಿನಯವಿದೆ’. ನಿರ್ವಿವಾದವಾದ ಸ್ವಾಮ್ಯಕ್ಕೆ ಷಷ್ಠಿ: ‘ಈ ಅಂಗಡಿ ನಮ್ಮದು’. ನಡೆಸಿಕೊಂಡು ಬರುವ ವೃತ್ತಿಗೆ ಬೇರೊಂದು ಕ್ರಿಯೆಯೇ ಉಂಟು: ‘ಕಾಟನ್‌ಪೇಟೆಯಲ್ಲಿ ಅಂಗಡಿ ಇಟ್ಟಿದ್ದಾನೆ’. ಅಂಗಡಿಯ ಕಟ್ಟಡ ಅವನದಾಗಿರಬೇಕೆಂಬ ನಿಯಮ ಈ ವಾಕ್ಯದಲ್ಲಿಲ್ಲ. ಇಂಗ್ಲಿಷಿನವನು ಈ ಎಲ್ಲ ಸಂದರ್ಭಗಳಲ್ಲಿಯೂ ‘ಹ್ಯಾವ್’ ಎಂಬ ಒಂದೇ ಕ್ರಿಯೆಯಿಂದ ಕೆಲಸ ಪೂರೈಸಿಕೊಳ್ಳಬಲ್ಲನು.

ನಮ್ಮ ಪ್ರಾಚೀನ ವ್ಯಾಕರಣಗಳು ಈ ಭೇದಗಳನ್ನು ಒಂದು ಪ್ರಕರಣವಾಗಿ ನಿರೂಪಿಸದಿರುವುದಕ್ಕೆ ಕಾರಣವುಂಟು. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವಾಗಲಿ 1604ರಲ್ಲಿ ರಚಿತವಾದ ಭಟ್ಟಾಕಳಂಕನ ‘ಕರ್ಣಾಟಕ ಶಬ್ದಾನುಶಾಸನ’ವಾಗಲಿ ಸಂಸ್ಕೃತದ ವಿಭಕ್ತಿಕ್ರಮವನ್ನು ಅನುಸರಿಸಿದುವು. ಸಂಸ್ಕೃತದಲ್ಲಿ ‘ನನಗೆ ಮಗನಿದ್ದಾನೆ’ ಎಂಬುದಕ್ಕೆ ಷಷ್ಠೀವಿಭಕ್ತಿ ಬರುತ್ತದೆ, ಕನ್ನಡದಲ್ಲಿ ಚತುರ್ಥಿ. ಚತುರ್ಥಿಗೆ ಶಾಸ್ತ್ರವು ಕೊಟ್ಟ ಮುಖ್ಯಾರ್ಥ ಸಂಪ್ರದಾನ, ಅಂದರೆ ಕೊಡುವಿಕೆಯ ಗುರಿ. ಕೊಡುವವನೇ ಇಲ್ಲದ ‘ನನಗೆ ಜ್ವರ’ ಎಂಬ ವಾಕ್ಯವು ಆ ಚೌಕಟ್ಟಿನಲ್ಲಿ ಸುಲಭವಾಗಿ ಕೂರುವಂಥದಲ್ಲ.

4

ಕನ್ನಡದಲ್ಲಿ ಸ್ವಾಮ್ಯವಾಚಕವಾದ ಶಬ್ದಗಳೇ ಇರಲಿಲ್ಲವೆಂದು ಇದರಿಂದ ತಿಳಿಯಬಾರದು. ಅವು ಕ್ರಿಯಾಪದಗಳಾಗಿ ಬೆಳೆಯಲಿಲ್ಲ, ಅಷ್ಟೆ. ‘ಇರು’ ಎಂಬರ್ಥದ ‘ಉಳ್’ ಎಂಬ ಪ್ರಾಚೀನ ಧಾತುವಿನಿಂದ ‘ಉಂಟು’, ‘ಉಳ್ಳ’ ಎಂಬ ರೂಪಗಳು ಬಂದುವು. ‘ಉಂಟು’ ಎಂಬುದು ದಕ್ಷಿಣ ಕನ್ನಡ, ಕಾಸರಗೋಡು ಪ್ರಾಂತಗಳ ಕನ್ನಡದಲ್ಲಿ ಇಂದಿಗೂ ನಿತ್ಯದ ಮಾತು. ‘ಉಳ್ಳವರು’ ಎಂದರೆ ಧನಿಕರು ಎಂಬ ಪ್ರಯೋಗವು 12ನೆಯ ಶತಮಾನದ ವಚನಗಳಷ್ಟು ಹಳೆಯದು. ಇಂಗ್ಲಿಷಿನವರು ಧನಿಕರನ್ನೂ ಬಡವರನ್ನೂ ‘ಹ್ಯಾವ್ಸ್’ ಎಂದೂ ‘ಹ್ಯಾವ್ ನಾಟ್ಸ್’ ಎಂದೂ ವಿಂಗಡಿಸುವುದನ್ನು ಕನ್ನಡವು ‘ಉಳ್ಳವರು’, ‘ಇಲ್ಲದವರು’ ಎಂದು ಇರುವಿಕೆಯ ಮಾತಿನಲ್ಲಿಯೇ ಹೇಳುತ್ತದೆ. ಆಸ್ತಿಪಾಸ್ತಿಯ ‘ಆಸ್ತಿ’ಯನ್ನೂ ಸಂಸ್ಕೃತದ ‘ಅಸ್ತಿ’, ಅಂದರೆ ‘ಇದೆ’ ಎಂಬ ಕ್ರಿಯಾರೂಪಕ್ಕೆ ಸಂಬಂಧಿಸಿದ್ದೆಂದು ವಿದ್ವಾಂಸರು ಎಣಿಸುತ್ತಾರೆ. ಹಾಗೆ ನೋಡಿದರೆ ಸ್ವತ್ತಿಗೆ ನಾವು ಕೊಟ್ಟಿರುವ ಹೆಸರೇ ‘ಇರುವುದು’ ಎಂದಂತಾಯಿತು.

ಇದಲ್ಲದೆ ಒಡೆತನವನ್ನು ಸೂಚಿಸುವ ಮತ್ತೊಂದು ದ್ರಾವಿಡ ಮೂಲವೂ ಉಂಟು. ತಮಿಳಿನ ‘ಉಡೈ’ ಎಂಬುದಕ್ಕೆ ಜ್ಞಾತಿಗಳಾದ ‘ಒಡೆಯ’, ‘ಒಡೆತನ’, ‘ಒಡವೆ’ ಎಂಬ ಶಬ್ದಗಳು ಕನ್ನಡದಲ್ಲಿ ನಾಮಗಳಾಗಿ ನೆಲೆನಿಂತವು. ಮೈಸೂರಿನ ಅರಸರ ಬಿರುದಾದ ‘ಒಡೆಯರ್’ ಎಂಬುದರಲ್ಲಿರುವುದು ಇದೇ ಮೂಲ. ಒಬ್ಬನ ಹತ್ತಿರ ವಸ್ತು ಇರುವುದು ಒಂದು ಸಂಗತಿ, ಅವನು ಅದರ ಒಡೆಯನಾಗಿರುವುದು ಮತ್ತೊಂದು ಸಂಗತಿ ಎಂಬ ವಿವೇಕವು ಈ ಶಬ್ದಸಂಪತ್ತಿನಲ್ಲಿಯೇ ಅಡಗಿದೆ.

5

ಇನ್ನು ‘ಹೊಂದು’ ಧಾತುವಿನ ವಿಚಾರ. ಹಳಗನ್ನಡದಲ್ಲಿ ಇದರ ರೂಪಗಳು ‘ಪೊರ್ದು’, ‘ಪೊಂದು’. ತಮಿಳಿನ ‘ಪೊರುಂದು’ ಇದರ ಜ್ಞಾತಿ. ಪಕಾರವು ಹಕಾರವಾದ ಬಳಿಕ ‘ಹೊಂದು’ ಎಂದಾಯಿತು. ಸೇರು, ಕೂಡು, ಸಮೀಪಿಸು, ಒಪ್ಪುವಂತಿರು ಎಂಬುವು ಇದರ ಮೂಲಾರ್ಥಗಳು. ‘ಹೊಂದಿಕೆ’, ‘ಹೊಂದಾಣಿಕೆ’, ‘ಹೊಂದಿಸು’ ಎಂಬ ರೂಪಗಳಲ್ಲಿ ಈ ಅರ್ಥ ಇಂದಿಗೂ ಮಾಸಿಲ್ಲ. ಅತ್ತೆ ಸೊಸೆಯರು ಹೊಂದಿಕೊಂಡಿದ್ದಾರೆ ಎಂದರೆ ಒಬ್ಬರ ಮೇಲೆ ಒಬ್ಬರಿಗೆ ಒಡೆತನವಿದೆಯೆಂದು ಯಾರೂ ಅರ್ಥಮಾಡುವುದಿಲ್ಲ. ಸೇರುವುದರಿಂದ ತಲುಪುವುದು, ತಲುಪುವುದರಿಂದ ಪಡೆಯುವುದು ಎಂದು ಅರ್ಥ ಮುಂದುವರಿದು ‘ಮುಕ್ತಿ ಹೊಂದು’, ‘ಏಳಿಗೆ ಹೊಂದು’, ‘ಮರಣ ಹೊಂದು’ ಎಂಬ ಪ್ರಯೋಗಗಳು ಬಂದವು. ಇವೆಲ್ಲವೂ ಘಟನೆಗಳು, ಇವುಗಳಲ್ಲಿ ಒಂದರಲ್ಲಿಯೂ ಸ್ವಾಮ್ಯದ ಸ್ಥಿತಿಯಿಲ್ಲ.

ಇಂಗ್ಲಿಷ್ ಕನ್ನಡಗಳ ಸಂಪರ್ಕದ ಮೊದಲ ಘಟ್ಟದಲ್ಲಿ ಈ ಧಾತುವಿಗೆ ‘ಹ್ಯಾವ್’ನ ಭಾರವನ್ನು ಹೊರಿಸಬೇಕಾದ ಪ್ರಮೇಯವಿರಲಿಲ್ಲ. ಆ ಕಾಲದ ಕೋಶಗಳೂ ವ್ಯಾಕರಣಗಳೂ ಮುಖ್ಯವಾಗಿ ಕನ್ನಡ ಕಲಿಯಬೇಕಾಗಿದ್ದ ಇಂಗ್ಲಿಷರಿಗಾಗಿ ಹುಟ್ಟಿದವು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿಯೂ ವಿಲಿಯಂ ರೀವನ ಇಂಗ್ಲಿಷ್–ಕನ್ನಡ ಕೋಶ 1824ರಲ್ಲಿಯೂ ಪ್ರಕಟವಾದುವು. ರೀವನ ಕನ್ನಡ–ಇಂಗ್ಲಿಷ್ ಕೋಶವನ್ನು ಡೇನಿಯಲ್ ಸ್ಯಾಂಡರ್ಸನ್ ಪರಿಷ್ಕರಿಸಿ, ಅದು 1858ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಿಂದ ಹೊರಬಂದಿತು. ಮರುವರ್ಷ ಥಾಮಸ್ ಹಾಡ್ಸನ್‌ನ ವ್ಯಾಕರಣವೂ ಬೆಂಗಳೂರಿನಲ್ಲಿಯೇ ಅಚ್ಚಾಯಿತು. ಫರ್ಡಿನೆಂಡ್ ಕಿಟ್ಟೆಲ್‌ನ ಮಹಾಕೋಶ ಮಂಗಳೂರಿನಲ್ಲಿ 1894ರಲ್ಲಿಯೂ ಅವನ ವ್ಯಾಕರಣ 1903ರಲ್ಲಿಯೂ ಬೆಳಕು ಕಂಡವು. ಇಂಥ ಪುಸ್ತಕಗಳನ್ನು ಹಿಡಿದು ಪೇಟೆಯ ಜನರೊಡನೆ ಮಾತನಾಡಬೇಕಾಗಿದ್ದ ಇಂಗ್ಲಿಷ್ ವಿದ್ಯಾರ್ಥಿಯು ಮೊದಲು ಮಾಡಬೇಕಾಗಿದ್ದ ಕೆಲಸವೆಂದರೆ ತನ್ನ ‘ಹ್ಯಾವ್’ನ್ನು ಮರೆಯುವುದು. ಅದನ್ನು ಮರೆಯದವನಿಗೆ ‘ನಿನಗೆ ಎಷ್ಟು ಮಕ್ಕಳು?’ ಎಂಬ ಸರಳವಾದ ಪ್ರಶ್ನೆಯನ್ನೂ ಕೇಳಲಾಗುತ್ತಿರಲಿಲ್ಲ.

ಕಾಲಕ್ರಮದಲ್ಲಿ ಪ್ರವಾಹದ ದಿಕ್ಕು ಬದಲಾಯಿತು. 1858ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಪ್ರೌಢಶಾಲೆ ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಈಗ ಇಂಗ್ಲಿಷನ್ನು ಕಲಿಯುವವರು ಕನ್ನಡಿಗರಾದರು. ಇಂಗ್ಲಿಷಿನಿಂದ ಕನ್ನಡಕ್ಕೆ ಭಾಷಾಂತರಿಸುವವರೂ ಅವರೇ ಆದರು. 1915ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಕಾಟನ್‌ಪೇಟೆಗೆ ಸಮೀಪದ ಚಾಮರಾಜಪೇಟೆಯಲ್ಲಿ ನೆಲೆಗೊಂಡ ಕನ್ನಡ ಸಾಹಿತ್ಯ ಪರಿಷತ್ತೂ, 1946ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನು ಹೊರತಂದ ಮೈಸೂರು ವಿಶ್ವವಿದ್ಯಾನಿಲಯವೂ ಕನ್ನಡವನ್ನು ಶಾಸ್ತ್ರಕ್ಕೂ ಆಡಳಿತಕ್ಕೂ ಸಜ್ಜುಗೊಳಿಸುವ ಕಾರ್ಯದಲ್ಲಿ ತೊಡಗಿದುವು. 1963ರ ರಾಜಭಾಷಾ ಅಧಿನಿಯಮದ ಬಳಿಕ ಕಚೇರಿಗಳ ಭಾಷಾಂತರದ ಕೆಲಸ ಬೆಳೆಯಿತು. ಇಂಗ್ಲಿಷ್ ವಾಕ್ಯವನ್ನು ಪದಕ್ಕೆ ಪದವಾಗಿ ಕನ್ನಡಿಸಹೊರಟವನಿಗೆ ‘ಹ್ಯಾವ್’ ಎದುರಾದಾಗ, ಕರ್ತೃವನ್ನು ಕರ್ತೃವಾಗಿಯೇ ಉಳಿಸಿ ಕರ್ಮಕ್ಕೆ ‘ಅನ್ನು’ ಪ್ರತ್ಯಯ ಹಚ್ಚಿಸಬಲ್ಲ ಒಂದು ಸಕರ್ಮಕ ಧಾತು ಬೇಕಾಯಿತು. ‘ಹೊಂದು’ ಆ ಸ್ಥಾನಕ್ಕೆ ಒದಗಿತು. ‘ಅವನಿಗೆ ಎರಡು ಮನೆಗಳಿವೆ’ ಎಂಬುದು ‘ಅವನು ಎರಡು ಮನೆಗಳನ್ನು ಹೊಂದಿದ್ದಾನೆ’ ಎಂದಾಯಿತು.

ಇಲ್ಲಿ ಎರಡು ಅಂಶಗಳು ವಿಚಾರಾರ್ಹವಾಗಿವೆ. ಮೊದಲನೆಯದಾಗಿ, ಹಿಡಿಯುವ ಘಟನೆಯಿಂದ ಇಂಗ್ಲಿಷಿನ ‘ಹ್ಯಾವ್’ ಸ್ವಾಮ್ಯದ ಸ್ಥಿತಿಗೆ ಬಂದ ದಾರಿಯನ್ನೇ, ತಲುಪುವ ಘಟನೆಯಿಂದ ಹೊರಟ ‘ಹೊಂದು’ ಧಾತುವೂ ಹಿಡಿದಿದೆ. ಈ ಅರ್ಥಪರಿಣಾಮ ಅಸ್ವಾಭಾವಿಕವಾದುದೇನೂ ಅಲ್ಲ. ಎರಡನೆಯದಾಗಿ, ‘ಹೊಂದು’ ತಾನೊಂದೇ ಈ ಕೆಲಸವನ್ನು ಮಾಡಲಾರದು. ‘ಮನೆಯನ್ನು ಹೊಂದುತ್ತಾನೆ’ ಎಂದರೆ ಮುಂದೆ ಪಡೆಯುತ್ತಾನೆ ಎಂಬರ್ಥವೇ ಹೊರತು ಈಗ ಅವನಿಗೆ ಮನೆಯಿದೆ ಎಂದಲ್ಲ. ‘ಹೊಂದಿ ಇದ್ದಾನೆ’ ಎಂದು ‘ಇರು’ ಧಾತುವನ್ನು ಜೊತೆಗೆ ತಂದಾಗ ಮಾತ್ರ ಸ್ವಾಮ್ಯಾರ್ಥ ಸಿದ್ಧಿಸುತ್ತದೆ. ನಿಷೇಧದಲ್ಲಿಯೂ ‘ಹೊಂದಿಲ್ಲ’ ಎಂದು ‘ಇಲ್ಲ’ವನ್ನೇ ಆಶ್ರಯಿಸಬೇಕು. ಮುಂಬಾಗಿಲಿನಿಂದ ಹೊರಗೆ ಕಳುಹಿಸಿದ ‘ಇರು’ ಹಿಂಬಾಗಿಲಿನಿಂದ ಮತ್ತೆ ಒಳಗೆ ಬಂದಿದೆ. ಕನ್ನಡದ ಪ್ರಕೃತಿಯು ತನ್ನ ಹಕ್ಕನ್ನು ಬಿಟ್ಟುಕೊಟ್ಟಿಲ್ಲವೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಾಗಿಲ್ಲ.

6

ಇದು ವೈಯಾಕರಣರ ಕುತೂಹಲಕ್ಕೆ ಮಾತ್ರ ಸಂಬಂಧಿಸಿದ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ಮನೆ, ನೆಲ, ಹಕ್ಕುಗಳ ಪ್ರಶ್ನೆ ಬಂದೊಡನೆ ಇದರ ಗುರುತ್ವ ಬೆಳೆಯುತ್ತದೆ. ಹಳೆಯ ಪೇಟೆಯ ನಿವಾಸಿಯೊಬ್ಬನು ‘ಕಾಟನ್‌ಪೇಟೆಯಲ್ಲಿ ಮನೆ ಮಾಡಿದ್ದೇನೆ’ ಎಂದರೆ ಅಲ್ಲಿ ವಾಸಕ್ಕೆ ನಿಂತಿದ್ದಾನೆಂದು ತಿಳಿಯುತ್ತದೆ. ‘ಬಾಡಿಗೆಗೆ ಇದ್ದೇನೆ’ ಎಂದರೆ ತಿಂಗಳು ತಿಂಗಳು ಹಣ ಕೊಡುವವನು. ‘ಭೋಗ್ಯಕ್ಕೆ ಹಾಕಿಕೊಂಡಿದ್ದೇನೆ’ ಎಂದರೆ ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು, ಅವಧಿ ಮುಗಿಯುವವರೆಗೆ ಬಾಡಿಗೆಯಿಲ್ಲದೆ ವಾಸಿಸಿ, ಬಿಡುವಾಗ ಮೊತ್ತವನ್ನು ಹಿಂದಕ್ಕೆ ಪಡೆಯುವವನು. ‘ನನಗೆ ಅಲ್ಲಿ ಮನೆ ಇದೆ’ ಎಂದರೆ ಸ್ವಂತದ್ದೆಂದು ಕೇಳಿದವನು ಗ್ರಹಿಸುತ್ತಾನೆ. ಈ ನಾಲ್ವರ ಸ್ಥಿತಿಗಳಲ್ಲಿ ಅಜಗಜಾಂತರವಿದೆ. ‘ಕಾಟನ್‌ಪೇಟೆಯಲ್ಲಿ ಮನೆಯನ್ನು ಹೊಂದಿದ್ದಾನೆ’ ಎಂಬ ಅರ್ಜಿಯ ವಾಕ್ಯವು ಈ ನಾಲ್ವರಲ್ಲಿ ಯಾರನ್ನು ಕುರಿತದ್ದೆಂದು ಆ ವಾಕ್ಯದಿಂದ ನಿರ್ಣಯಿಸಲಾಗದು.

ಕಾಯಿದೆಯು ಈ ಅಸ್ಪಷ್ಟತೆಯನ್ನು ಸಹಿಸುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯು ಮಾರಾಟ, ಅಡಮಾನ, ಗುತ್ತಿಗೆ, ವಿನಿಮಯ, ದಾನಗಳನ್ನು ಬೇರೆಬೇರೆ ಅಧ್ಯಾಯಗಳಲ್ಲಿ ವಿವರಿಸುತ್ತದೆ. ಇಂಗ್ಲಿಷ್ ಕ್ರಯಪತ್ರಗಳಲ್ಲಿ ಪರಂಪರೆಯಿಂದ ಬಂದ ‘ಟು ಹ್ಯಾವ್ ಅಂಡ್ ಟು ಹೋಲ್ಡ್’ ಎಂಬ ಮಾತಿನಲ್ಲಿಯೂ ‘ಹ್ಯಾವ್’ ಒಂದೇ ಸಾಲದೆ ಮತ್ತೊಂದು ಕ್ರಿಯೆಯನ್ನು ಜೊತೆಗೂಡಿಸಿದ್ದಾರೆ. ನಮ್ಮ ದಸ್ತಾವೇಜು ಬರಹಗಾರರು ರೂಢಿಸಿಕೊಂಡ ‘ಸ್ವಾಧೀನಾನುಭವದಲ್ಲಿರುವ ಸ್ವತ್ತು’ ಎಂಬ ಪ್ರಯೋಗ ಈ ದೃಷ್ಟಿಯಿಂದ ಶ್ಲಾಘ್ಯವಾದುದು. ವಶದಲ್ಲಿರುವುದು ಬೇರೆ, ಅನುಭವಿಸುವುದು ಬೇರೆ, ಸ್ವತ್ತಾಗಿರುವುದು ಬೇರೆ ಎಂಬ ಮೂರು ಸಂಗತಿಗಳನ್ನೂ ಹೇಳಿ, ‘ಇರು’ ಧಾತುವಿನಿಂದಲೇ ಅವರು ವಾಕ್ಯವನ್ನು ಕಟ್ಟಿದರು. ಶಾಲೆಯ ವ್ಯಾಕರಣವು ಹೇಳಿಕೊಡದ ವಿವೇಕವನ್ನು ವ್ಯವಹಾರವು ಅವರಿಗೆ ಕಲಿಸಿತ್ತು.

ಭೂಸುಧಾರಣೆಯ ಇತಿಹಾಸದಲ್ಲಿಯೂ ಇದಕ್ಕೆ ಸಮರ್ಥನೆಯಿದೆ. 1961ರ ಕರ್ನಾಟಕ ಭೂಸುಧಾರಣಾ ಕಾಯಿದೆಗೆ ಆದ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದುವು. ಗೇಣಿದಾರರು ಭೂನ್ಯಾಯಮಂಡಳಿಗಳ ಮುಂದೆ ಅಧಿಭೋಗದ ಹಕ್ಕನ್ನು ಕೋರುವ ಅವಕಾಶವಾಯಿತು. ಅಲ್ಲಿಯವರೆಗೆ ಉಳುವವನ ಕೈಯಲ್ಲಿ ನೆಲವಿತ್ತು, ಒಡೆತನ ಬೇರೊಬ್ಬರದಾಗಿತ್ತು. ಅಂದರೆ ಮೇಲೆ ಹೇಳಿದ ‘ಹತ್ತಿರ ಇರುವುದು’ ಮತ್ತು ‘ಒಡೆಯನಾಗಿರುವುದು’ ಎಂಬ ಭೇದವೇ ಅಲ್ಲಿನ ವಿವಾದದ ತಿರುಳು. ಆ ಕಾಲದಲ್ಲಿ ಜನರ ಬಾಯಲ್ಲಿ ನಿಂತ ಘೋಷಣೆ ‘ಉಳುವವನೇ ಭೂಮಿಯ ಒಡೆಯ’ ಎಂದಿತ್ತು. ‘ಉಳುವವನು ಭೂಮಿಯನ್ನು ಹೊಂದತಕ್ಕದ್ದು’ ಎಂದಿದ್ದರೆ ಗೇಣಿದಾರನಿಗೆ ಅದು ಹೊಸ ಸುದ್ದಿಯಾಗಿ ಕೇಳಿಸುತ್ತಿರಲಿಲ್ಲ.

7

ಕಾಲೇಜಿನ ತರಗತಿಗೆ ಸಂಬಂಧಿಸಿದಂತೆ ಎರಡು ಮಾತುಗಳನ್ನು ಹೇಳುವುದು ಉಚಿತ. ಇಂಗ್ಲಿಷ್ ಬೋಧಿಸುವ ಅಧ್ಯಾಪಕರು ‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂಬ ವಾಕ್ಯವನ್ನು ಪದೇಪದೇ ತಿದ್ದಬೇಕಾಗುತ್ತದೆ. ಸ್ಥಿತಿಯನ್ನು ಹೇಳುವಾಗ ಇಂಗ್ಲಿಷಿನ ‘ಹ್ಯಾವ್’ ‘ಇಂಗ್’ ರೂಪವನ್ನು ತಾಳುವುದಿಲ್ಲ. ‘ಹ್ಯಾವಿಂಗ್ ಲಂಚ್’ ಎಂಬಲ್ಲಿ ತಾಳುವುದು ಅದು ಕ್ರಿಯೆಯಾದುದರಿಂದ. ಈ ದೋಷ ಕನ್ನಡಿಗರಿಗೆ ಮಾತ್ರ ಸೀಮಿತವಲ್ಲವಾದರೂ ಕನ್ನಡ ವಿದ್ಯಾರ್ಥಿಯ ಪಕ್ಷದಲ್ಲಿ ಒಂದು ಕಾರಣವನ್ನು ಊಹಿಸಬಹುದು. ‘ಇದ್ದಾರೆ’ ಎಂಬ ಸ್ಥಿತಿರೂಪವೂ ‘ಬರುತ್ತಿದ್ದಾರೆ’ ಎಂಬ ನಡೆಯುತ್ತಿರುವ ಕ್ರಿಯೆಯ ರೂಪವೂ ಅವನ ಭಾಷೆಯಲ್ಲಿ ‘ಇರು’ ಧಾತುವಿನಲ್ಲಿಯೇ ಮುಕ್ತಾಯವಾಗುತ್ತವೆ. ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಬಗೆಯ ರೂಪವಿರಬೇಕೆಂದು ಅವನು ಭಾವಿಸುತ್ತಾನೆ. ನಿಯಮವನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಎರಡು ಭಾಷೆಗಳ ಈ ಅಂತರವನ್ನು ತೋರಿಸಿಕೊಡುವುದು ಹೆಚ್ಚು ಫಲಕಾರಿಯಾದೀತು.

ಕನ್ನಡ ಬೋಧಿಸುವವರಿಗೆ ಎದುರಾಗುವ ಸಮಸ್ಯೆ ಇದರ ಪ್ರತಿಬಿಂಬ. ‘ಅವರು ಸಕ್ಕರೆ ಕಾಯಿಲೆಯನ್ನು ಹೊಂದಿದ್ದಾರೆ’, ‘ಈ ರಸ್ತೆಯು ಹಲವು ಅಂಗಡಿಗಳನ್ನು ಹೊಂದಿದೆ’, ‘ಅವಳು ಇಬ್ಬರು ಮಕ್ಕಳನ್ನು ಹೊಂದಿದ್ದಾಳೆ’ ಎಂಬಂಥ ವಾಕ್ಯಗಳು ಪತ್ರಿಕೆಗಳಲ್ಲಿಯೂ ಪ್ರಬಂಧಗಳಲ್ಲಿಯೂ ಕಾಣುತ್ತವೆ. ಹಾಗೆಂದು ‘ಹೊಂದು’ ಧಾತುವನ್ನು ಬಹಿಷ್ಕರಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ‘ಪರವಾನಗಿ ಹೊಂದಿದ ವ್ಯಾಪಾರಿ’, ‘ತರಬೇತಿ ಹೊಂದಿದ ಶಿಕ್ಷಕ’ ಎಂಬಲ್ಲಿ ಪಡೆದುಕೊಂಡ ಘಟನೆಯೊಂದು ನಿಜವಾಗಿಯೂ ಇದೆ. ಆದುದರಿಂದ ಪ್ರಯೋಗ ಸಾಧುವಾಗಿದೆ. ದೀರ್ಘವಾಕ್ಯದಲ್ಲಿ ಕರ್ತೃವನ್ನು ಬದಲಾಯಿಸದೆ ಮುಂದುವರಿಸುವುದಕ್ಕೂ ಅದು ಅನುಕೂಲವಾಗುತ್ತದೆ. ಎಲ್ಲಿ ಪಡೆಯುವಿಕೆ ಉಂಟೋ ಅಲ್ಲಿ ‘ಹೊಂದು’. ಎಲ್ಲಿ ಹುಟ್ಟು, ಸಂಬಂಧ, ರೋಗ, ಗುಣ, ಸ್ಥಳಗಳ ಮಾತೋ ಅಲ್ಲಿ ತಕ್ಕ ವಿಭಕ್ತಿಯೊಡನೆ ‘ಇರು’. ಇಷ್ಟು ವಿವೇಚನೆಯನ್ನು ವಿದ್ಯಾರ್ಥಿಗಳಲ್ಲಿ ಮೂಡಿಸಿದರೆ ಸಾಕು.

ಈ ವಿವೇಚನೆಯು ಅತ್ಯಂತ ಅಗತ್ಯವಾಗುವುದು ಹಕ್ಕುಗಳನ್ನು ಕುರಿತು ಬರೆಯುವಾಗ. ಭಾರತ ಸಂವಿಧಾನದ 19ನೆಯ ಅನುಚ್ಛೇದವು ಪೌರರ ಸ್ವಾತಂತ್ರ್ಯಗಳನ್ನು ಹೇಳುವಾಗ ಹಕ್ಕಿನ ಮಾತಿಗೆ ‘ಹ್ಯಾವ್’ ಕ್ರಿಯೆಯನ್ನು ಬಳಸುತ್ತದೆ. ಆದರೆ 1978ರ 44ನೆಯ ತಿದ್ದುಪಡಿಯಿಂದ ಕೈಬಿಡಲಾದ ಸ್ವತ್ತಿನ ಉಪಖಂಡದಲ್ಲಿ, ಸ್ವತ್ತಿನ ಮಾತಿಗೆ ಗಳಿಸುವುದು, ಇಟ್ಟುಕೊಳ್ಳುವುದು, ವಿಲೇವಾರಿ ಮಾಡುವುದು ಎಂಬ ಮೂರು ಪ್ರತ್ಯೇಕ ಕ್ರಿಯೆಗಳಿದ್ದುವು. ಸ್ವತ್ತು ಗಳಿಸಬೇಕಾದದ್ದು, ಹಕ್ಕು ಇರುವಂಥದು. ‘ಎಲ್ಲ ಪೌರರೂ ಹಕ್ಕನ್ನು ಹೊಂದಿದ್ದಾರೆ’ ಎಂದು ಬರೆದಾಗ, ಹಕ್ಕು ಎಂಬುದು ಯಾರಿಂದಲೋ ಪಡೆದುಕೊಂಡ ವಸ್ತುವೆಂಬ ಛಾಯೆ ‘ಹೊಂದು’ ಧಾತುವಿನ ಮೂಲಾರ್ಥದಿಂದ ಬಂದು ಅಂಟಿಕೊಳ್ಳುತ್ತದೆ, ಪಡೆದದ್ದನ್ನು ಕಳೆದುಕೊಳ್ಳಲೂಬಹುದು. ‘ಎಲ್ಲ ಪೌರರಿಗೂ ಹಕ್ಕಿದೆ’ ಎಂದಾಗ, ತಮ್ಮಂದಿರಿರುವಂತೆ, ಹಸಿವಿರುವಂತೆ, ವಯಸ್ಸಿರುವಂತೆ, ಹಕ್ಕೂ ಮನುಷ್ಯನಿಗೆ ಸಹಜವಾಗಿ ಸಲ್ಲುವ ಸಂಗತಿಯಾಗಿ ನಿಲ್ಲುತ್ತದೆ. ಕಾಟನ್‌ಪೇಟೆಯ ಬೀದಿಯ ಐದು ಭಾಷೆಗಳೂ ಈ ಎರಡನೆಯ ರೀತಿಯನ್ನೇ ಬಲ್ಲವು. ಅದನ್ನು ಬರವಣಿಗೆಯಲ್ಲಿ ಉಳಿಸಿಕೊಳ್ಳುವುದು ಕನ್ನಡದ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಹೊಣೆ.